ಹೆಸರಿಗೆ ಕೊಡುವ ಹಣ: ಪೆಡಲ್ ಕಟ್ಟುವವರ ನಂಬಿಕೆಯೊಂದರ ಪರಿಶೀಲನೆ

ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲೋ ಚರ್ಚಿನ ವಾದ್ಯವೃಂದದಲ್ಲೋ ಕಾಲೇಜಿನ ಬ್ಯಾಂಡಿನಲ್ಲೋ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ ಅಂಗೈಯಗಲದ ಲೋಹದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಗಿಟಾರಿನಿಂದ ಬಂದ ಸಿಗ್ನಲ್ಲನ್ನು ಒರಟಾಗಿಸುವ, ಮಾರ್ದನಿಸುವ, ತೂಗಾಡಿಸುವ ಈ ಡಬ್ಬಿಗಳೇ ಪೆಡಲ್‌ಗಳು. ಅಂಗಡಿಯಲ್ಲಿ ಕೊಂಡರೆ ಒಂದೊಂದಕ್ಕೂ ಸಾವಿರಾರು ರೂಪಾಯಿ. ಬಿಚ್ಚಿ ನೋಡಿದರೆ ಒಳಗಿರುವುದು ಮೂವತ್ತು ನಲವತ್ತು ಸಣ್ಣ ಬಿಡಿಭಾಗ. ಸೋಲ್ಡರಿಂಗ್ ಐರನ್ ಹಿಡಿಯಲು ಬರುವವರು ತಾವೇ ಕಟ್ಟಿಕೊಳ್ಳಲು ಹೊರಡುವುದು ಸಹಜ. ಹೊಸೂರಿನವರಿಗೆ ಇದಕ್ಕೆ ಅನುಕೂಲವೂ ಇದೆ. ಅತ್ತಿಬೆಲೆಯ ಗಡಿ ದಾಟಿ ಸುಮಾರು 40 ಕಿಲೋಮೀಟರ್ ಹೋದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಪೇಟೆ. ಕಾರ್ಖಾನೆಗಳ ಊರಾದ್ದರಿಂದ ಅಲ್ಯೂಮಿನಿಯಂ ಡಬ್ಬಿಗೆ ತೂತು ಕೊರೆಯುವವರೂ ಪೌಡರ್ ಕೋಟಿಂಗ್ ಮಾಡುವವರೂ ಊರೊಳಗೇ ಸಿಗುತ್ತಾರೆ. ಅಡ್ಡಿ ಬರುವುದು ಬೇರೆ ಕಡೆಯಿಂದ: ಯಾವ ಬಿಡಿಭಾಗ ಹಾಕಬೇಕು ಎಂಬ ಪ್ರಶ್ನೆಗೆ ಸಿಗುವ ಉತ್ತರಗಳಿಂದ.

ಹವ್ಯಾಸಿಗಳ ನಡುವೆ ಬಾಯಿಂದ ಬಾಯಿಗೆ ಹರಡಿ ಗಟ್ಟಿಯಾಗಿರುವ ಆ ಉತ್ತರ ಹೀಗಿದೆ. ಪೆಡಲಿನ ದನಿ ಇರುವುದು ಅದರ ಬಿಡಿಭಾಗಗಳ ಕುಲಗೋತ್ರದಲ್ಲಿ. ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲ್ ಕಟ್ಟುವುದಾದರೆ ಜೆಆರ್‌ಸಿ4558ಡಿ ಎಂಬ ಮುದ್ರೆಯ ಚಿಪ್ಪೇ ಆಗಬೇಕು. ಫಜ್ ಫೇಸ್ ಎಂಬ ಪೆಡಲ್ ಆದರೆ ಹಳೆಯ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಬೇಕೇ ಬೇಕು. ರೆಸಿಸ್ಟರ್ ಕಾರ್ಬನ್ ಕಾಂಪೊಸಿಷನ್ ಜಾತಿಯದಾದರೆ ದನಿ ಬೆಚ್ಚಗಿರುತ್ತದೆ, ಕೆಪ್ಯಾಸಿಟರ್ ಇಂಥ ಕಂಪನಿಯ ಇಂಥ ಕಾಲದ್ದಾದರೆ ದನಿ ಹರಡಿಕೊಳ್ಳುತ್ತದೆ. ಪಕ್ಕದ ಟಿವಿ ರಿಪೇರಿ ಅಂಗಡಿಯ ಡ್ರಾಯರಿನಲ್ಲಿ ಸಿಗುವುದು ಕೈ ಪಳಗಿಸಿಕೊಳ್ಳಲು ಸಾಕು, ವೇದಿಕೆಗೆ ಸಾಲದು. ಹೀಗೆ ನಂಬಿದವರು ಇನ್ನೂರು ರೂಪಾಯಿಯಲ್ಲಿ ಮುಗಿಯಬೇಕಾದ ಸರ್ಕ್ಯೂಟಿಗೆ ಎರಡು ಸಾವಿರ ಸುರಿಯುತ್ತಾರೆ. ಅಷ್ಟು ಸುರಿಯಲಾಗದವರು ಕಟ್ಟುವ ಆಸೆಯನ್ನೇ ಕೈಬಿಡುತ್ತಾರೆ.

ಈ ನಂಬಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅದಕ್ಕೆ ಮೂರು ಆಧಾರಗಳಿವೆ. ಮೊದಲನೆಯದು, ಕಿವಿ ಪಳಗಿದ ವಾದಕರ ಸಾಕ್ಷ್ಯ. ಬದುಕಿಡೀ ದನಿಯ ಜೊತೆ ಕಳೆದವರು ವ್ಯತ್ಯಾಸ ಕೇಳಿಸುತ್ತದೆ ಎಂದಾಗ ಅದನ್ನು ಕಡೆಗಣಿಸುವುದು ದುಡುಕು. ಎರಡನೆಯದು, ಬಿಡಿಭಾಗಗಳ ನಡುವೆ ನಿಜಕ್ಕೂ ಇರುವ ಭೌತಿಕ ವ್ಯತ್ಯಾಸ. ಜರ್ಮೇನಿಯಂ ಡಯೋಡ್ ಸುಮಾರು 0.3 ವೋಲ್ಟಿನಲ್ಲೇ ತೆರೆದುಕೊಳ್ಳುತ್ತದೆ, ಸಿಲಿಕಾನ್ ಡಯೋಡಿಗೆ 0.6ರಿಂದ 0.7, ಕೆಂಪು ಎಲ್‌ಇಡಿಗೆ 1.7ರ ಆಸುಪಾಸು ಬೇಕು. ಸಿಗ್ನಲ್ಲಿನ ತಲೆಯನ್ನು ಎಷ್ಟು ಎತ್ತರದಲ್ಲಿ ಕತ್ತರಿಸಬೇಕು ಎಂಬುದನ್ನು ಇದೇ ತೀರ್ಮಾನಿಸುವುದರಿಂದ ಈ ವ್ಯತ್ಯಾಸ ಎಂಥವರಿಗೂ ಕೇಳಿಸುತ್ತದೆ. ಮೂರನೆಯದು, ಅನುಭವ: ಹೆಸರಾಂತ ಬಿಡಿಭಾಗಗಳ ಪಟ್ಟಿ ಹಿಡಿದು ಕಟ್ಟಿದ ಪೆಡಲ್ ಚೆನ್ನಾಗಿ ನುಡಿಯುತ್ತದೆ. ಮೂರೂ ಸುಳ್ಳಲ್ಲ. ಆದರೆ ಮೂರರಿಂದಲೂ ಮೇಲಿನ ತೀರ್ಮಾನ ಹೊರಡುವುದಿಲ್ಲ. ಎಲ್ಲಿ ಎಳೆ ತಪ್ಪುತ್ತದೆ ಎಂಬುದನ್ನು ಒಂದೊಂದಾಗಿ ನೋಡಬೇಕು.

ಮೊದಲು ಚರಿತ್ರೆ. ಯಾವ ಬಿಡಿಭಾಗಗಳನ್ನು ಇಂದು ಪೂಜಿಸುತ್ತೇವೋ ಅವನ್ನು ಮೂಲದ ತಯಾರಕರು ಆರಿಸಿದ್ದು ಹೇಗೆ? ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ಫಜ್ ಫೇಸ್ ಹೊರತಂದಾಗ ಅದರಲ್ಲಿದ್ದದ್ದು ಎನ್‌ಕೆಟಿ275 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್. ಆ ದಶಕ ಮುಗಿಯುವಷ್ಟರಲ್ಲಿ ಅದೇ ಹೆಸರಿನ, ಅದೇ ದುಂಡು ಡಬ್ಬಿಯ ಪೆಡಲಿನೊಳಗೆ ಸಿಲಿಕಾನ್ ಟ್ರಾನ್ಸಿಸ್ಟರುಗಳು ಬಂದು ಕೂತಿದ್ದವು. 1979ರ ಟ್ಯೂಬ್ ಸ್ಕ್ರೀಮರ್ ಟಿಎಸ್808ನಲ್ಲಿ ಜೆಆರ್‌ಸಿ4558ಡಿ ಇದ್ದಂತೆ ಕೆಲವು ಡಬ್ಬಿಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಆರ್‌ಸಿ4558ಪಿ ಕೂಡ ಇತ್ತು; ಮುಂದೆ ಬಂದ ಟಿಎಸ್9ನಲ್ಲಿ ತೋಷಿಬಾದ ಟಿಎ75558 ಕಾಣಿಸಿಕೊಂಡಿತು. ಕಾರ್ಖಾನೆಯವರ ಮಟ್ಟಿಗೆ ಇವೆಲ್ಲ ಒಂದರ ಬದಲು ಇನ್ನೊಂದು ಹಾಕಬಹುದಾದ ಸಾಮಾನು. ಅಂದು 4558 ಅಗ್ಗದ, ಎಲ್ಲೆಡೆ ಸಿಗುವ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್ಪು) ಆಗಿತ್ತು, ಇಂದಿಗೂ ಹಾಗೆಯೇ ಇದೆ. ನಮ್ಮ ಊರುಗಳ ಆಂಪ್ಲಿಫೈಯರ್ ಕಟ್ಟುವ ಅಂಗಡಿಗಳಲ್ಲಿ ನೇತಾಡುವ ಬಾಸ್-ಟ್ರೆಬಲ್ ಬೋರ್ಡುಗಳನ್ನು ತಿರುಗಿಸಿ ನೋಡಿದರೆ ಎಂಟು ಕಾಲಿನ ಅದೇ 4558 ಕಾಣುತ್ತದೆ. ಹಬ್ಬದ ಪೆಂಡಾಲಿನ ಸ್ಪೀಕರಿಗೆ ದುಡಿಯುವ ಚಿಪ್ಪು ಗಿಟಾರ್ ಪೆಡಲಿನೊಳಗೆ ಹೋದೊಡನೆ ದುರ್ಲಭ ವಸ್ತುವಾಗುವುದಕ್ಕೆ ಎಲೆಕ್ಟ್ರಾನಿಕ್ಸಿನಲ್ಲಿ ಕಾರಣವಿಲ್ಲ. ಆ ಚಿಪ್ಪಿನಿಂದ ಒಳ್ಳೆಯ ಪೆಡಲ್ ಆಯಿತು ಎಂಬುದು ನಿಜ. ಆ ಚಿಪ್ಪಿನಿಂದ ಮಾತ್ರ ಆಗುತ್ತದೆ ಎಂಬುದನ್ನು ಬೇರೆಯಾಗಿ ತೋರಿಸಿಕೊಡಬೇಕಾಗುತ್ತದೆ.

ಎರಡನೆಯದು ಅಳತೆಯ ಏರುಪೇರು. ಬಿಡಿಭಾಗದ ಮೇಲೆ ಬರೆದ ಮೌಲ್ಯಕ್ಕೂ ಅದರ ನಿಜವಾದ ಮೌಲ್ಯಕ್ಕೂ ನಡುವೆ ತಯಾರಕರೇ ಒಪ್ಪಿಕೊಂಡ ಅಂತರವಿರುತ್ತದೆ: ಸಾಮಾನ್ಯ ಕಾರ್ಬನ್ ಫಿಲ್ಮ್ ರೆಸಿಸ್ಟರಿಗೆ ಶೇ 5, ಫಿಲ್ಮ್ ಕೆಪ್ಯಾಸಿಟರಿಗೆ ಶೇ 5ರಿಂದ 10, ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿಗೂ ಪೊಟೆನ್ಷಿಯೊಮೀಟರಿಗೂ ಶೇ 20. ಟ್ಯೂಬ್ ಸ್ಕ್ರೀಮರಿನ ಮುಖ್ಯ ಗುಣವಾದ, ತಗ್ಗು ಸ್ವರಗಳನ್ನು ಅಷ್ಟಾಗಿ ಒರಟಾಗಿಸದೆ ಬಿಡುವ ಕೆಲಸ ನಡೆಯುವುದು 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನ ಜೋಡಿಯಿಂದ. ಲೆಕ್ಕ ಹಾಕಿದರೆ ಈ ಜೋಡಿಯ ತಿರುವು ಸುಮಾರು 720 ಹರ್ಟ್ಸ್‌ನಲ್ಲಿ ಬೀಳುತ್ತದೆ. ರೆಸಿಸ್ಟರಿನಲ್ಲಿ ಶೇ 5, ಕೆಪ್ಯಾಸಿಟರಿನಲ್ಲಿ ಶೇ 10 ಏರುಪೇರು ಒಂದೇ ದಿಕ್ಕಿಗೆ ಸೇರಿದರೆ ಅದು ಒಂದು ಡಬ್ಬಿಯಲ್ಲಿ 620ಕ್ಕೆ, ಇನ್ನೊಂದರಲ್ಲಿ 840ಕ್ಕೆ ಹೋಗಿ ನಿಲ್ಲಬಹುದು. ಟ್ರಾನ್ಸಿಸ್ಟರುಗಳಲ್ಲಂತೂ ಈ ಹರವು ಇನ್ನೂ ದೊಡ್ಡದು. ಬಿಸಿ547 ಎಂಬ ಒಂದೇ ಹೆಸರಿನಡಿ ಎ, ಬಿ, ಸಿ ಗುಂಪುಗಳು ಸೇರಿ 110ರಿಂದ 800ರವರೆಗಿನ ಗೇನ್ (ಹಿಗ್ಗಿಸುವ ಪ್ರಮಾಣ) ಅಡಗಿದೆ. 2ಎನ್5457 ಎಂಬ ಜೆಫೆಟ್‌ನ ಗರಿಷ್ಠ ಕರೆಂಟ್ 1ರಿಂದ 5 ಮಿಲಿಆಂಪಿಯರ್ ನಡುವೆ ಎಲ್ಲಿದ್ದರೂ ಅದರ ಡೇಟಾಶೀಟ್ ಒಪ್ಪುತ್ತದೆ. ಒಂದೇ ನಂಬರಿನ ಒಳಗಿನ ಅಂತರ ಎರಡು ನಂಬರುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರುವಾಗ, ನಂಬರನ್ನು ಹೇಳಿದ ಮಾತ್ರಕ್ಕೆ ದನಿಯನ್ನು ಹೇಳಿದಂತಾಗುವುದಿಲ್ಲ. ಎರಡು ಪೆಡಲ್‌ಗಳನ್ನು ಅಕ್ಕಪಕ್ಕ ಇಟ್ಟು ಕೇಳಿ ವ್ಯತ್ಯಾಸ ಗುರುತಿಸಿದವರ ಕಿವಿ ಸರಿಯಾಗಿಯೇ ಇರಬಹುದು. ಅವರು ಕಾರಣವೆಂದು ತೋರಿಸಿದ ಭಾಗ ಸರಿಯೆಂದು ಅದರಿಂದ ಸಾಬೀತಾಗುವುದಿಲ್ಲ.

ಇನ್ನು ಚಿಪ್ಪಿನ ವಿಷಯಕ್ಕೇ ಬರೋಣ, ಏಕೆಂದರೆ ನಂಬಿಕೆ ಅತಿ ಗಟ್ಟಿಯಾಗಿರುವುದು ಅಲ್ಲಿ. ಆಪ್‌ಆಂಪ್ ದನಿಯನ್ನು ಬದಲಿಸಬೇಕಾದರೆ ಸರ್ಕ್ಯೂಟ್ ಬೇಡುವುದನ್ನು ಕೊಡಲಾಗದೆ ಎಡವಬೇಕು. ಟ್ಯೂಬ್ ಸ್ಕ್ರೀಮರ್ ಬೇಡುವುದೆಷ್ಟು? ಡಯೋಡುಗಳು ಕತ್ತರಿಸುವುದರಿಂದ ಆ ಹಂತದ ಸಿಗ್ನಲ್ ಒಂದು ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ವೋಲ್ಟಿನ ಅಲೆ 20 ಕಿಲೋಹರ್ಟ್ಸ್ ವೇಗದಲ್ಲಿ ಓಡಿದರೂ ಏರಿಳಿತದ ವೇಗ ಮೈಕ್ರೋಸೆಕೆಂಡಿಗೆ 0.13 ವೋಲ್ಟ್ ದಾಟುವುದಿಲ್ಲ. ಸಾಧಾರಣ 4558 ಮೈಕ್ರೋಸೆಕೆಂಡಿಗೆ ಒಂದು ವೋಲ್ಟ್ ಏರಬಲ್ಲದು, ಟಿಎಲ್072 ಹದಿಮೂರು ವೋಲ್ಟ್. ಎರಡಕ್ಕೂ ಇದು ಏನೇನೂ ಅಲ್ಲ. ಡ್ರೈವ್ ಪೂರ್ತಿ ತಿರುಗಿಸಿದಾಗ ಗೇನ್ ಸುಮಾರು 118. 3 ಮೆಗಾಹರ್ಟ್ಸ್ ಸಾಮರ್ಥ್ಯದ 4558 ಆ ಗೇನಿನಲ್ಲೂ 25 ಕಿಲೋಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ. ಅದೇ ಜಾಗದಲ್ಲಿ ಡಯೋಡುಗಳಿಗೆ ಅಡ್ಡಲಾಗಿ ಕೂತಿರುವ 51 ಪಿಕೋಫ್ಯಾರಡ್‌ನ ಪುಟ್ಟ ಕೆಪ್ಯಾಸಿಟರ್ ಮಾತ್ರ 5.7 ಕಿಲೋಹರ್ಟ್ಸ್‌ಗೇ ಬಾಗಿಲು ಹಾಕಲು ಶುರುಮಾಡಿರುತ್ತದೆ. ಅಂದರೆ ಚಿಪ್ಪಿನ ಮಿತಿ ಕಾಣಿಸಿಕೊಳ್ಳುವ ಮೊದಲೇ ಯಾರೂ ಹೆಸರಿಡದ, ಯಾರೂ ಹುಡುಕಿಕೊಂಡು ಹೋಗದ ಈ ತುಣುಕು ದನಿಯ ಮೇಲ್ಭಾಗವನ್ನು ತೀರ್ಮಾನಿಸಿ ಆಗಿದೆ. ಚಿಪ್ಪಿಗೆ ಐನೂರು ಕೊಟ್ಟು ಈ ಕೆಪ್ಯಾಸಿಟರನ್ನು ಕೈಗೆ ಸಿಕ್ಕಿದ್ದು ಹಾಕುವವರು ಬಹುಮಂದಿ. 51ರ ಜಾಗದಲ್ಲಿ 100 ಪಿಕೋಫ್ಯಾರಡ್ ಬಿದ್ದರೆ ತಿರುವು 2.9 ಕಿಲೋಹರ್ಟ್ಸ್‌ಗೆ ಇಳಿದು ದನಿ ಮಂಕಾಗುತ್ತದೆ. ಆಗ ದೂರು ಹೋಗುವುದು ‘ನಕಲಿ ಚಿಪ್ಪಿ’ನ ಮೇಲೆ.

ಇಷ್ಟು ಕೇಳಿದವರು ಇನ್ನೊಂದು ತುದಿಗೆ ಹಾರುವುದುಂಟು: ಹಾಗಾದರೆ ಎಲ್ಲ ಬಿಡಿಭಾಗವೂ ಒಂದೇ, ಸಿಕ್ಕಿದ್ದನ್ನು ಹಾಕಿದರಾಯಿತು. ಇದೂ ಮೊದಲಿನಷ್ಟೇ ಗೊಂದಲದ ಮಾತು. ರ‍್ಯಾಟ್ ಎಂಬ ಡಿಸ್ಟಾರ್ಷನ್ ಪೆಡಲನ್ನು ತೆಗೆದುಕೊಳ್ಳಿ. ಅದರಲ್ಲಿ ಒಂದೇ ಆಪ್‌ಆಂಪ್ ಹಂತದಿಂದ ಎರಡು ಸಾವಿರಕ್ಕೂ ಮೀರಿದ ಗೇನ್ ಕೇಳಲಾಗುತ್ತದೆ. ಅಲ್ಲಿರುವ ಎಲ್‌ಎಂ308 ನಿಧಾನದ ಚಿಪ್ಪು: ಮೈಕ್ರೋಸೆಕೆಂಡಿಗೆ ಏರುವುದು ಸುಮಾರು 0.3 ವೋಲ್ಟ್, ಗೇನ್ ಮತ್ತು ಬ್ಯಾಂಡ್‌ವಿಡ್ತ್‌ನ ಗುಣಲಬ್ಧ ಒಂದು ಮೆಗಾಹರ್ಟ್ಸ್‌ನ ಆಸುಪಾಸು. ಗೇನ್ ಪೂರ್ತಿ ಏರಿಸಿದಾಗ ಅದು ಕೆಲವು ನೂರು ಹರ್ಟ್ಸ್ ದಾಟುತ್ತಲೇ ಸೋಲತೊಡಗುತ್ತದೆ. ಆ ಸೋಲೇ ರ‍್ಯಾಟ್‌ನ ದನಿ. ಅಲ್ಲಿ ಚುರುಕಾದ ಟಿಎಲ್071 ಹಾಕಿದರೆ ಮೇಲಿನ ಸ್ವರಗಳು ಕತ್ತರಿಸಿಕೊಂಡು ಚುಚ್ಚುವಂತೆ ಬರುತ್ತವೆ. ವ್ಯತ್ಯಾಸ ಹೇಳಲು ಪಳಗಿದ ಕಿವಿಯೇ ಬೇಕೆಂದಿಲ್ಲ. ಹಾಗಾದರೆ ಎಲ್‌ಎಂ308 ಎಂಬ ಹೆಸರಿಗೆ ಮಣಿದಂತಾಯಿತಲ್ಲ? ಆಗಲಿಲ್ಲ. ಆ ಚಿಪ್ಪು ಸಿಗದಂತಾದಾಗ ರ‍್ಯಾಟ್ ತಯಾರಕರೇ ಓಪಿ07 ಎಂಬ ಬೇರೆ ಕುಲದ ಚಿಪ್ಪಿಗೆ ಹೋದರು. ಅದರ ವೇಗವೂ ಸುಮಾರು 0.3 ವೋಲ್ಟ್. ಉಳಿಸಿಕೊಳ್ಳಬೇಕಾಗಿದ್ದದ್ದು ಆ ಸಂಖ್ಯೆಯನ್ನು. ಟ್ಯೂಬ್ ಸ್ಕ್ರೀಮರಿನಲ್ಲಿ ಚಿಪ್ಪು ಲೆಕ್ಕಕ್ಕಿಲ್ಲ, ರ‍್ಯಾಟ್‌ನಲ್ಲಿ ಚಿಪ್ಪೇ ಲೆಕ್ಕ ಎಂಬ ಎರಡು ಮಾತೂ ಒಂದೇ ತತ್ವದಿಂದ ಹೊರಡುತ್ತವೆ: ಬಿಡಿಭಾಗವೊಂದು ದನಿಯನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಅದು ಕೂತ ಜಾಗ ಹೇಳುತ್ತದೆ. ಆ ಜಾಗ ಅದರ ಯಾವ ಗುಣವನ್ನು ಕೆಣಕುತ್ತದೆ ಎಂದು ಕೇಳದೆ ಬಿಡಿಭಾಗ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಜಾಗದ ಮಾತು ಸರ್ಕ್ಯೂಟಿನೊಳಗಿನ ಜಾಗಕ್ಕಷ್ಟೇ ನಿಲ್ಲುವುದಿಲ್ಲ ಎಂಬುದಕ್ಕೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಒಳ್ಳೆಯ ಸಾಕ್ಷಿ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಿಇಎಲ್ ಕಂಪನಿ ಅರವತ್ತರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. ಆ ಪೀಳಿಗೆಯ ಎಸಿ128 ಅಂದಿನ ರೇಡಿಯೋಗಳಲ್ಲಿ ದುಡಿದದ್ದು, ಹೊರದೇಶಗಳ ಫಜ್ ಪೆಡಲ್‌ಗಳಲ್ಲೂ ಕಾಣುವಂಥದ್ದು. ಹಳೆಯ ರೇಡಿಯೋ ರಿಪೇರಿಯವರ ಡಬ್ಬಿಯಲ್ಲಿ ಇಂಥದ್ದೊಂದು ಸಿಕ್ಕಿದರೆ ನಿಧಿ ಸಿಕ್ಕಿದಂತೆ ಕುಣಿಯುವವರಿದ್ದಾರೆ. ಕುಣಿಯುವ ಮೊದಲು ಅಳೆಯಬೇಕು. ಜರ್ಮೇನಿಯಂನಲ್ಲಿ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ಏನೂ ಕೊಡದಿದ್ದರೂ ಹರಿಯುವ ಸೋರಿಕೆ ಕರೆಂಟ್ ಇರುತ್ತದೆ, ಮತ್ತು ಅದು ಶಾಖ ಹತ್ತು ಡಿಗ್ರಿ ಏರಿದಂತೆಲ್ಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಳೆಯುವ ವಿಧಾನ ಸರಳ: ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಪ್ಲಸ್ಸಿಗೆ ಜೋಡಿಸಿ, ಕಲೆಕ್ಟರನ್ನು 2.2 ಕಿಲೋಓಮ್ ಮತ್ತು 270 ಓಮ್ ಸೇರಿಸಿದ ರೆಸಿಸ್ಟರಿನ ಮೂಲಕ ಮೈನಸ್ಸಿಗೆ ಕೊಟ್ಟು, ಆ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಓದಬೇಕು. 0.25 ವೋಲ್ಟ್ ಬಂದರೆ ಸೋರಿಕೆ ಸುಮಾರು 100 ಮೈಕ್ರೋಆಂಪಿಯರ್. ಬಳಿಕ ಬೇಸನ್ನು 2.2 ಮೆಗಾಓಮ್ ಮೂಲಕ ಮೈನಸ್ಸಿಗೆ ತಾಗಿಸಿದಾಗ 1.05 ವೋಲ್ಟ್ ಬಂದಿತೆನ್ನಿ. ಎರಡರ ವ್ಯತ್ಯಾಸ 0.80, ಅದನ್ನು ನೂರರಿಂದ ಗುಣಿಸಿದರೆ 80, ಅದೇ ನಿಜವಾದ ಗೇನ್. ಅಗ್ಗದ ಮಲ್ಟಿಮೀಟರಿನ ಟ್ರಾನ್ಸಿಸ್ಟರ್ ತೂತಿಗೆ ಸಿಕ್ಕಿಸಿದರೆ ಅದು ಸೋರಿಕೆಯನ್ನೂ ಗೇನಿನ ಲೆಕ್ಕಕ್ಕೆ ಸೇರಿಸಿ ಹೆಚ್ಚು ತೋರಿಸುತ್ತದೆ. ಅಳೆಯುವಾಗ ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿದರೂ ಸಾಕು, ಮೈ ಬಿಸಿಗೆ ಅಂಕಿ ಏರುತ್ತಾ ಹೋಗುವುದು ಕಣ್ಣೆದುರೇ ಕಾಣುತ್ತದೆ.

ಈಗ ಇದೇ ಟ್ರಾನ್ಸಿಸ್ಟರನ್ನು ಫಜ್ ಫೇಸಿನ ಮೊದಲ ಸ್ಥಾನದಲ್ಲಿ ಕೂರಿಸೋಣ. ಅಲ್ಲಿರುವ 33 ಕಿಲೋಓಮ್ ರೆಸಿಸ್ಟರಿನಲ್ಲಿ ಒಟ್ಟು ಹರಿಯಬಲ್ಲ ಕರೆಂಟೇ 260 ಮೈಕ್ರೋಆಂಪಿಯರಿನ ಆಸುಪಾಸು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಶೂಲಗಿರಿ ದಾಟಿ ಇಳಿದರೆ ಐವತ್ತು ಕಿಲೋಮೀಟರ್ ದೂರದ ಕೃಷ್ಣಗಿರಿ ಸುಮಾರು 500 ಮೀಟರಿನಲ್ಲಿದೆ. ಹೊಸೂರಿನ ಡಿಸೆಂಬರ್ ಸಂಜೆಯ 18 ಡಿಗ್ರಿಯಲ್ಲಿ 100 ಮೈಕ್ರೋಆಂಪಿಯರ್ ಸೋರುತ್ತಿದ್ದದ್ದು ಕೃಷ್ಣಗಿರಿಯ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ನಾನೂರರ ಹತ್ತಿರ ಹೋಗುತ್ತದೆ. ಸರ್ಕ್ಯೂಟಿಗೆ ಬೇಕಾದ ಪೂರ್ತಿ ಕರೆಂಟಿಗಿಂತ ಸೋರಿಕೆಯೇ ಹೆಚ್ಚಾದ ಮೇಲೆ ಟ್ರಾನ್ಸಿಸ್ಟರಿಗೆ ಸಿಗ್ನಲ್ಲನ್ನು ಹಿಡಿಯಲು ಜಾಗವೇ ಉಳಿಯುವುದಿಲ್ಲ. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಇರಬೇಕಾದ ನಾಲ್ಕೂವರೆ ವೋಲ್ಟ್ ಎಲ್ಲೋ ಹೋಗಿ, ದನಿ ಹರಿದು ನಿಂತೇಬಿಡುತ್ತದೆ. ವಿದೇಶದ ಚಳಿಯಲ್ಲಿ ಹುಟ್ಟಿದ ಬಿಡಿಭಾಗಗಳ ಪಟ್ಟಿಯೊಂದನ್ನು ಅಕ್ಷರಶಃ ಪಾಲಿಸಿದವರು ಇಲ್ಲಿ ನಷ್ಟ ಅನುಭವಿಸುತ್ತಾರೆ. ಜರ್ಮೇನಿಯಂ ಬೇಕೇ ಬೇಕೆನ್ನುವವರು ಸೋರಿಕೆ ಬಹಳ ಕಡಿಮೆಯಿರುವುದನ್ನು ಬೇಸಗೆಯ ಬಿಸಿಯಲ್ಲೇ ಅಳೆದು ಆರಿಸಬೇಕು, ಎರಡನೆಯ ಟ್ರಾನ್ಸಿಸ್ಟರಿನ 8.2 ಕಿಲೋಓಮ್ ಜಾಗದಲ್ಲಿ ತಿರುಗಿಸಿ ಸರಿಪಡಿಸಬಹುದಾದ ಟ್ರಿಮ್‌ಪಾಟ್ ಇಡಬೇಕು. ಇಲ್ಲವೇ ಸೋರಿಕೆ ಲೆಕ್ಕಕ್ಕೇ ಬಾರದ ಸಿಲಿಕಾನಿಗೆ ಹೋಗಿ, ಚುಚ್ಚುವ ಮೇಲಿನ ಸ್ವರಗಳನ್ನು ಸಣ್ಣ ಕೆಪ್ಯಾಸಿಟರಿನಿಂದ ತಗ್ಗಿಸಿಕೊಳ್ಳಬೇಕು. ಯಾವ ದಾರಿ ಹಿಡಿದರೂ ಆಯ್ಕೆಗೆ ಆಧಾರ ಅಳತೆ. ಮೈಮೇಲಿನ ಮುದ್ರೆ ಬಿಇಎಲ್‌ನದಾಗಿರಲಿ ಲಂಡನ್ನಿನದಾಗಿರಲಿ, ಸೋರಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅನುಭವದ ಸಾಕ್ಷ್ಯ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಅಮೆರಿಕದ ಹಲವು ಪೆಡಲ್ ಸರ್ಕ್ಯೂಟ್ ನಕ್ಷೆಗಳಲ್ಲಿ 2ಎನ್5088 ಟ್ರಾನ್ಸಿಸ್ಟರ್ ಇರುತ್ತದೆ. ಅದು ಸಿಗದಾಗ ಯಾರೋ ಹೇಳಿದರೆಂದು ಬಿಸಿ547 ಹಾಕುತ್ತಾರೆ. ಆಗ ದನಿ ಸಪ್ಪೆಯಾಗಿ, ಬಲವಿಲ್ಲದೆ ಬರುತ್ತದೆ. ‘ಲೋಕಲ್ ಟ್ರಾನ್ಸಿಸ್ಟರಿನಲ್ಲಿ ಆ ದನಿ ಬರಲ್ಲ’ ಎಂಬ ಮಾತು ಹುಟ್ಟುತ್ತದೆ. ನಡೆದಿದ್ದೇನು? ಚಪ್ಪಟೆ ಮುಖ ನಮ್ಮ ಕಡೆಗಿದ್ದಾಗ 2ಎನ್5088ರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರವು ಕಲೆಕ್ಟರ್, ಬೇಸ್, ಎಮಿಟರ್. ಅದೇ ತೂತುಗಳಿಗೆ ಹಾಗೇ ಇಳಿಸಿದರೆ ಟ್ರಾನ್ಸಿಸ್ಟರ್ ಹಿಂದುಮುಂದಾಗಿ ಕೂರುತ್ತದೆ. ಹಿಂದುಮುಂದಾದ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಾಗುವುದಿಲ್ಲ ಎಂಬುದೇ ತೊಂದರೆ. ಗೇನ್ ನೂರಾರಿದ್ದದ್ದು ಬರೀ ಕೆಲವಕ್ಕೆ ಇಳಿದು ಹೇಗೋ ನುಡಿಯುತ್ತದೆ. ಕೇಳಿದ ಕಿವಿ ಸುಳ್ಳಾಡಲಿಲ್ಲ, ದನಿ ನಿಜಕ್ಕೂ ಸಪ್ಪೆಯಾಗಿತ್ತು. ಆದರೆ ತಿರುಗಿಸಿ ಹಾಕಿದ್ದರೆ ಸಿ ಗುಂಪಿನ ಬಿಸಿ547 ಅಥವಾ ಕಡಿಮೆ ಸದ್ದಿನ ಬಿಸಿ549ಸಿ ಅದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಬಿಡಿಭಾಗ ಬದಲಾಯಿಸಿದಾಗ ದನಿ ಬದಲಾಯಿತು ಎನ್ನುವ ಬಹುಪಾಲು ವರದಿಗಳಲ್ಲಿ ಬಿಡಿಭಾಗದ ಜೊತೆಗೆ ಇನ್ನೊಂದೇನೋ ಬದಲಾಗಿರುತ್ತದೆ: ಮೌಲ್ಯ, ಕಾಲುಗಳ ಕ್ರಮ, ಬೆಸುಗೆ, ಇಲ್ಲವೇ ಒಟ್ಟು ದನಿಮಟ್ಟ.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಸಂಗೀತ ಮುಟ್ಟಬೇಕಾದದ್ದು ಕಿವಿಗೆ, ಮೀಟರಿಗಲ್ಲ. ಮೀಟರಿಗೆ ಸಿಗದ್ದು ಕಿವಿಗೆ ಸಿಗಬಹುದಲ್ಲವೇ? ಸಿಗಬಹುದು. ಕೊನೆಯ ತೀರ್ಪು ಕಿವಿಯದೇ ಎಂಬುದನ್ನು ಒಪ್ಪಲು ಅಡ್ಡಿಯೇನಿಲ್ಲ. ಆದರೆ ತೀರ್ಪುಗಾರನ ಕಣ್ಣು ಕಟ್ಟಿರಬೇಕು. ಒಂದು ಡೆಸಿಬೆಲ್‌ನಷ್ಟು ಹೆಚ್ಚು ಗಟ್ಟಿಯಾದ ದನಿ ಗಟ್ಟಿ ಎನ್ನಿಸುವ ಬದಲು ‘ಒಳ್ಳೆಯದು’ ಎನ್ನಿಸುತ್ತದೆ. ಇದು ಆಡಿಯೋ ಹೋಲಿಕೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಬಲೆ. ಚಿಪ್ಪು ಬದಲಿಸಲು ಪೆಡಲ್ ಬಿಚ್ಚಿ ಮುಚ್ಚುವಷ್ಟರಲ್ಲಿ ಹಿಂದಿನ ದನಿಯ ನೆನಪು ಮಾಸಿರುತ್ತದೆ, ಹೊಸ ಚಿಪ್ಪಿನ ಬೆಲೆಯ ನೆನಪು ಮಾತ್ರ ತಾಜಾ ಇರುತ್ತದೆ. ಆದ್ದರಿಂದ ಪರೀಕ್ಷೆಯೇ ಆಗಬೇಕಾದರೆ ಒಂದೇ ಬೋರ್ಡನ್ನು ಎರಡು ಸಲ, ಅಳೆದು ಹೊಂದಿಸಿದ ರೆಸಿಸ್ಟರ್ ಕೆಪ್ಯಾಸಿಟರುಗಳಿಂದ ಕಟ್ಟಿ, ದನಿಮಟ್ಟವನ್ನು ಮೀಟರಿನಲ್ಲಿ ಸರಿದೂಗಿಸಿ, ಯಾವುದು ಯಾವುದೆಂದು ನುಡಿಸುವವರಿಗೆ ತಿಳಿಯದಂತೆ ಗೆಳೆಯರೊಬ್ಬರು ಸ್ವಿಚ್ ಒತ್ತಬೇಕು. ಇಷ್ಟಾದ ಮೇಲೂ ಹತ್ತಕ್ಕೆ ಒಂಬತ್ತು ಸಲ ಗುರುತು ಸಿಕ್ಕಿದರೆ ಆ ಬಿಡಿಭಾಗಕ್ಕೆ ಹಣ ಕೊಡುವುದು ಸರಿಯೇ. ಹಾಗೆಯೇ ಬ್ಯಾಟರಿಯ ಬ್ರಾಂಡನ್ನೂ ಕೇಳಿ ಹೇಳಬಲ್ಲೆ ಎನ್ನುವವರಿದ್ದಾರೆ. ಫಜ್ ಫೇಸ್ ಎಳೆಯುವುದು ಒಂದು ಮಿಲಿಆಂಪಿಯರ್‌ಗೂ ಕಡಿಮೆ. ಬ್ಯಾಟರಿಯ ಒಳರೋಧ ನೂರು ಓಮ್ ಇದ್ದರೂ ವ್ಯತ್ಯಾಸ 0.1 ವೋಲ್ಟ್ ಮುಟ್ಟದು. ಆದರೆ ಸವೆದ ಬ್ಯಾಟರಿ 8 ವೋಲ್ಟಿಗೆ ಇಳಿದಿದ್ದರೆ ಬಯಾಸ್ ಸರಿಯುತ್ತದೆ, ದನಿ ಬದಲಾಗುತ್ತದೆ. ಕೇಳಿದ್ದು ನಿಜವೇ ಆಗಿದ್ದರೆ ಬಹುತೇಕ ಅದು ವೋಲ್ಟೇಜ್.

ಇನ್ನೊಂದು ಆಕ್ಷೇಪ ಲೌಕಿಕವಾದದ್ದು. ಕೆಲವು ನೂರು ರೂಪಾಯಿಯ ವ್ಯತ್ಯಾಸಕ್ಕೆ ಇಷ್ಟು ತರ್ಕವೇಕೆ, ಹೆಸರಿದ್ದದ್ದನ್ನೇ ಕೊಂಡರೆ ಸುರಕ್ಷಿತವಲ್ಲವೇ? ಹಾಗೆ ಕಾಣುತ್ತದೆ, ಆದರೆ ಸುರಕ್ಷತೆ ಅಲ್ಲೇ ಅತಿ ಕಡಿಮೆ. ಯಾವ ಮುದ್ರೆಗೆ ಬೇಡಿಕೆ ಹೆಚ್ಚೋ ಅದನ್ನೇ ಬೇರೆ ಚಿಪ್ಪಿನ ಮೇಲೆ ಒತ್ತಿ ಮಾರುವ ದಂಧೆ ಲೋಕದ ಎಲ್ಲ ಪೇಟೆಗಳಲ್ಲೂ ಇದೆ. ಸಾಮಾನ್ಯ 4558ಕ್ಕೆ ಸುಳ್ಳು ಮುದ್ರೆ ಒತ್ತಿ ಯಾರಿಗೂ ಲಾಭವಿಲ್ಲ. ಜೆಆರ್‌ಸಿ4558ಡಿಗೆ ಒತ್ತಿದರೆ ಇದೆ. ಅಳೆಯಲು ಬಾರದೆ ಹೆಸರನ್ನು ಮಾತ್ರ ನಂಬಿದವರು ಈ ಮೋಸಕ್ಕೆ ಸುಲಭದ ಗಿರಾಕಿ. ಹಳೆಯ ಬಿಡಿಭಾಗದ ಮೇಲಿನ ಪ್ರೀತಿಯ ಬಗ್ಗೆ ಇಲ್ಲಿ ತಕರಾರಿಲ್ಲ. ಬಿಇಎಲ್ ಮುದ್ರೆಯ ಲೋಹದ ಟ್ರಾನ್ಸಿಸ್ಟರ್ ಕೈಯಲ್ಲಿ ಹಿಡಿಯುವ ಸಂತೋಷಕ್ಕಾಗಿ ಹಣ ಕೊಟ್ಟರೆ ಅದು ಸಂತೋಷದ ಬೆಲೆ. ಅದನ್ನು ದನಿಯ ಬೆಲೆ ಎಂದು ಬರೆದಿಟ್ಟಾಗ ಮಾತ್ರ ಲೆಕ್ಕ ತಪ್ಪುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಹೊಸೂರಿನ ಟೂಲ್‌ರೂಮುಗಳಲ್ಲಿ ಕೆಲಸ ಮಾಡುವವರಿಗೆ ಉತ್ತರ ಕೈಯಲ್ಲೇ ಇದೆ. ನಕ್ಷೆಯಲ್ಲಿ ಬೇರಿಂಗ್ ಕೂರುವ 30 ಮಿಲಿಮೀಟರ್ ರಂಧ್ರಕ್ಕೆ ಎಚ್7 ಎಂದು ಬರೆದಿದ್ದರೆ 21 ಮೈಕ್ರಾನ್ ದಾಟುವಂತಿಲ್ಲ. ಅದೇ ತುಂಡಿನ ಹೊರ ಅಂಚಿಗೆ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಯಾರೂ ಕೇಳುವುದಿಲ್ಲ. ಎಲ್ಲ ಅಳತೆಗೂ 21 ಮೈಕ್ರಾನ್ ಕೇಳಿದರೆ ಕಾರ್ಖಾನೆ ಮುಚ್ಚಬೇಕಾಗುತ್ತದೆ. ಪೆಡಲಿನಲ್ಲೂ ನಿಖರತೆ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಬೇರ್ಪಡಿಸಿದರೆ ಹಣ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ನನ್ನ ವಿಂಗಡಣೆ ಹೀಗಿದೆ.

1. ಹೆಚ್ಚು ಹಣ ಹೋಗಬೇಕಾದದ್ದು ಚಲಿಸುವ ಭಾಗಗಳಿಗೆ: ಕಾಲಿನಿಂದ ಒತ್ತುವ 3ಪಿಡಿಟಿ ಸ್ವಿಚ್, 6.35 ಮಿಲಿಮೀಟರ್ ಜಾಕ್, ಪೊಟೆನ್ಷಿಯೊಮೀಟರ್. ಪೆಡಲ್ ವೇದಿಕೆಯಲ್ಲಿ ಕೈಕೊಡುವುದು ಹೆಚ್ಚಾಗಿ ಇಲ್ಲಿ. ದನಿ ನಿಂತುಹೋದ ಪೆಡಲಿನಲ್ಲಿ ಚಿಪ್ಪಿನ ವಂಶಾವಳಿಯಿಂದ ಏನೂ ಪ್ರಯೋಜನವಿಲ್ಲ. ಪೊಟೆನ್ಷಿಯೊಮೀಟರಿನಲ್ಲಿ ಎ100ಕೆ, ಬಿ100ಕೆ ಎಂಬ ಗುರುತಿನ ವ್ಯತ್ಯಾಸವನ್ನೂ ನೋಡಬೇಕು. ವಾಲ್ಯೂಮಿಗೆ ಎ ಬೇಕಾದಲ್ಲಿ ಬಿ ಹಾಕಿದರೆ ಮೊದಲ ಕಾಲು ತಿರುವಿನಲ್ಲೇ ದನಿಯೆಲ್ಲ ಬಂದುಬಿಡುತ್ತದೆ.

2. ಸಿಗ್ನಲ್ ಹಾದುಹೋಗುವ ಕೆಪ್ಯಾಸಿಟರುಗಳಲ್ಲಿ ಕಂಪನಿಯ ಬದಲು ಜಾತಿ ನೋಡಬೇಕು. ಪಿಕೋಫ್ಯಾರಡ್ ಅಳತೆಯವಕ್ಕೆ ಎನ್‌ಪಿ0 ಸಿರಾಮಿಕ್, ನ್ಯಾನೋಫ್ಯಾರಡ್‌ನಿಂದ ಒಂದು ಮೈಕ್ರೋಫ್ಯಾರಡ್‌ವರೆಗೆ ಪಾಲಿಯೆಸ್ಟರ್ ಬಾಕ್ಸ್ ಕೆಪ್ಯಾಸಿಟರ್. 104 ಎಂದು ಬರೆದ ಕಂದು ಬಣ್ಣದ ಸಿರಾಮಿಕ್ ಬಿಲ್ಲೆಗಳು ಸಾಮಾನ್ಯವಾಗಿ ಬೇರೆ ಜಾತಿಯವು: ವೋಲ್ಟೇಜಿಗೂ ಶಾಖಕ್ಕೂ ತಮ್ಮ ಮೌಲ್ಯ ಬದಲಿಸುತ್ತವೆ, ಹೆಚ್ಚು ಗೇನಿನ ಪೆಡಲಿನಲ್ಲಿ ಡಬ್ಬಿಯನ್ನು ತಟ್ಟಿದರೆ ಆ ತಟ್ಟನ್ನೇ ದನಿಯಾಗಿಸುತ್ತವೆ. ಅದೇ ಬಿಲ್ಲೆ ಚಿಪ್ಪಿನ ಪವರ್ ಕಾಲಿನ ಪಕ್ಕದಲ್ಲಿ ಅತ್ಯಂತ ಯೋಗ್ಯ.

3. ಮೊದಲ ಹಂತದ ರೆಸಿಸ್ಟರುಗಳು ಶೇ 1ರ ಮೆಟಲ್ ಫಿಲ್ಮ್ ಆಗಿರಲಿ, ಏಕೆಂದರೆ ಅಲ್ಲಿ ಹುಟ್ಟಿದ ಸದ್ದನ್ನು ಮುಂದಿನ ಹಂತಗಳೆಲ್ಲ ದೊಡ್ಡದು ಮಾಡುತ್ತವೆ. ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರಿನ ಬೆಚ್ಚನೆಯ ಗುಣ ಎನ್ನುವುದು ನೂರಾರು ವೋಲ್ಟಿನ ವಾಲ್ವ್ ಆಂಪ್ಲಿಫೈಯರಿನಲ್ಲಿ ಚರ್ಚೆಗೆ ಯೋಗ್ಯವಾದೀತು. 9 ವೋಲ್ಟಿನ ಪೆಡಲಿನಲ್ಲಿ ಅದು ಕೊಡುವುದು ಹಿಸ್ ಸದ್ದನ್ನು ಮಾತ್ರ.

4. ಗಿಟಾರಿನ ಪಿಕಪ್ ಸೂಕ್ಷ್ಮ ಮೂಲ. ಅದು ನೋಡುವ ಮೊದಲ ರೋಧ ಒಂದು ಮೆಗಾಓಮ್‌ನ ಆಸುಪಾಸಿನಲ್ಲಿರಬೇಕು. ಕಡಿಮೆಯಾದರೆ ಮೇಲಿನ ಸ್ವರ ಪೆಡಲಿನೊಳಗೆ ಬರುವ ಮೊದಲೇ ಸತ್ತಿರುತ್ತದೆ. ಫಜ್ ಫೇಸಿನಂಥ ಕೆಲವು ಪೆಡಲ್‌ಗಳು ಬೇಕೆಂದೇ ಈ ನಿಯಮ ಮುರಿಯುತ್ತವೆ, ಅವುಗಳ ಗುಣವೇ ಅದು.

5. ಪವರ್: ಮೊಬೈಲ್ ಚಾರ್ಜರ್ ಜಾತಿಯ ಅಗ್ಗದ ಅಡಾಪ್ಟರಿನ ಕಿರುಚಾಟ ಯಾವ ಚಿಪ್ಪಿನಿಂದಲೂ ವಾಸಿಯಾಗದು. ಸಣ್ಣ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್, ಪ್ಲಸ್-ಮೈನಸ್ ತಿರುಗಿ ಬಿದ್ದಾಗ ಕಾಯುವ ಒಂದು ಡಯೋಡ್, ಈ ಮೂರು ಸೇರಿದರೆ ಆಗುವ ಖರ್ಚು ಒಂದು ಚಹಾದ ಬೆಲೆ.

6. ಆಪ್‌ಆಂಪ್, ಟ್ರಾನ್ಸಿಸ್ಟರ್, ಡಯೋಡುಗಳನ್ನು ಸಾಕೆಟ್ಟಿನಲ್ಲಿ ಕೂರಿಸಿ, ಅಳೆದು, ಮೊದಲು ಸಿಕ್ಕ ಸಾಮಾನ್ಯ ನಂಬರಿನಿಂದ ಶುರುಮಾಡಬೇಕು. ದನಿ ಬದಲಾಗಬೇಕೆನಿಸಿದರೆ ಮೊದಲು ಕೈ ಹೋಗಬೇಕಾದದ್ದು ಡಯೋಡಿನ ಜಾತಿಗೆ ಮತ್ತು ಕೆಪ್ಯಾಸಿಟರಿನ ಮೌಲ್ಯಕ್ಕೆ; ಚಿಪ್ಪಿನ ಸರದಿ ಕೊನೆಗೆ.

ಈ ವಿಂಗಡಣೆಯ ವಿರುದ್ಧ ಕೊನೆಯದಾಗಿ ಹೇಳಬಹುದಾದ ಮಾತು, ಇದು ಹವ್ಯಾಸದ ಮೋಜನ್ನು ಕಸಿಯುತ್ತದೆ ಎಂಬುದು. ನನಗೆ ಕಾಣುವುದು ತದ್ವಿರುದ್ಧ. ಪೆಡಲನ್ನು ಕೊಳ್ಳದೆ ಕಟ್ಟುವುದಕ್ಕೆ ಇರುವ ಒಳ್ಳೆಯ ಕಾರಣ ಅಗ್ಗವಾಗುತ್ತದೆ ಎಂಬುದಲ್ಲ. ಎಲ್ಲ ಖರ್ಚು ಸೇರಿಸಿದರೆ ಎಷ್ಟೋ ಸಲ ಅಗ್ಗವಾಗುವುದೂ ಇಲ್ಲ. ಕಟ್ಟಿದವರಿಗೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ, ತಿಳಿದದ್ದರಿಂದ ತಮ್ಮ ಗಿಟಾರಿಗೆ, ತಮ್ಮ ಆಂಪ್ಲಿಫೈಯರಿಗೆ, ತಮ್ಮ ಊರಿನ ಬಿಸಿಲಿಗೆ ಅದನ್ನು ಹೊಂದಿಸಿಕೊಳ್ಳಲು ಬರುತ್ತದೆ. ಹೆಸರುಗಳ ಪಟ್ಟಿ ಹಿಡಿದು ಕಟ್ಟಿದವರಿಗೆ ಈ ಲಾಭವೇ ಸಿಗುವುದಿಲ್ಲ. ಪೆಡಲ್ ಸರಿಯಾಗಿ ನುಡಿದರೆ ಏಕೆ ನುಡಿಯಿತು ಎಂದು ಅವರಿಗೆ ತಿಳಿಯದು, ನುಡಿಯದಿದ್ದರೆ ಇನ್ನೂ ದುಬಾರಿ ಚಿಪ್ಪು ತರಿಸುವುದನ್ನು ಬಿಟ್ಟು ಬೇರೆ ದಾರಿ ಕಾಣದು. ಬಿಡಿಭಾಗದ ಜಾಗ ನೋಡಿ ಆರಿಸಿದವರು ದನಿ ಮಂಕಾದಾಗ 51 ಪಿಕೋಫ್ಯಾರಡ್‌ನ ಕಡೆಗೆ, ತಗ್ಗು ಸ್ವರ ಗೊಜಗೊಜವಾದಾಗ 0.047 ಮೈಕ್ರೋಫ್ಯಾರಡ್‌ನ ಕಡೆಗೆ, ಬೇಸಗೆಯಲ್ಲಿ ಫಜ್ ಕೈಕೊಟ್ಟಾಗ ಟ್ರಿಮ್‌ಪಾಟ್‌ನ ಕಡೆಗೆ ನೇರವಾಗಿ ಹೋಗುತ್ತಾರೆ. ಬಿಡಿಭಾಗಗಳ ಪಟ್ಟಿಯೊಂದು ಸಿಕ್ಕಿದಾಗ ಕೇಳಬೇಕಾದ ಪ್ರಶ್ನೆಯೂ ಇದೇ: ಈ ಭಾಗದ ಮೌಲ್ಯ ಶೇ 20 ಹೆಚ್ಚುಕಡಿಮೆಯಾದರೆ, ಅಥವಾ ಇದರ ಬದಲು ಅದೇ ಸಂಖ್ಯೆಗಳ ಇನ್ನೊಂದು ಬಂದರೆ, ದನಿಯಲ್ಲಿ ಏನು ಬದಲಾಗುತ್ತದೆ? ಪಟ್ಟಿ ಕೊಟ್ಟವರು ಇದಕ್ಕೆ ಉತ್ತರ ಕೊಡಲಾಗದಿದ್ದರೆ ಆ ಸಾಲಿನಲ್ಲಿರುವ ಕಂಪನಿಯ ಹೆಸರನ್ನು ಹೊಡೆದುಹಾಕಿ, ಮೌಲ್ಯವನ್ನು ಮಾತ್ರ ಉಳಿಸಿಕೊಂಡು ಅಂಗಡಿಗೆ ಹೋಗಬಹುದು.